ಮಾನವ ಮಿದುಳಿನ ಮುಖ್ಯ ಭಾಗಗಳು: ಬಿಸಿನೀರಿನ ಅಪಸ್ಮಾರದ ನಿದರ್ಶನದೊಡನೆ

ಇತಿಹಾಸದ ಅಧ್ಯಾಪಕನು ಮಿದುಳನ್ನು ಕುರಿತು ಬರೆಯಹೊರಡುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ರೋಗವೊಂದಕ್ಕೆ ಪೂರ್ವಿಕರು ಇಟ್ಟ ಹೆಸರು, ಅದಕ್ಕೆ ಕಲ್ಪಿಸಿದ ಕಾರಣ, ರೋಗಿಯನ್ನು ಸಮಾಜವು ನಡೆಸಿಕೊಂಡ ರೀತಿ, ಇವೆಲ್ಲವೂ ಇತಿಹಾಸದ ವಸ್ತುಗಳೇ ಆಗಿವೆ. ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯ ಕಡೆಯಿಂದ ಬಂದು ನನ್ನಲ್ಲಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬನು ಬಚ್ಚಲಲ್ಲಿ ತಲೆಗೆ ಬಿಸಿನೀರು ಹಾಕಿಕೊಳ್ಳುವಾಗ ಆಗಾಗ ಎಚ್ಚರ ತಪ್ಪಿ ಬೀಳುತ್ತಿದ್ದನು. ಮನೆಯವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸಿದರು. ಕಡೆಗೆ ಓದನ್ನೇ ಬಿಡಿಸಿದರು. ಆ ಹುಡುಗನಿಗೆ ಆದದ್ದೇನೆಂದು ತಿಳಿಯಹೊರಟಾಗ ಮಿದುಳಿನ ಪರಿಚಯ ನನಗೆ ಅನಿವಾರ್ಯವಾಯಿತು. ಅದನ್ನೇ ಇಲ್ಲಿ ಸಂಗ್ರಹವಾಗಿ ನಿವೇದಿಸಿದ್ದೇನೆ.

ವಯಸ್ಕನ ಮಿದುಳಿನ ತೂಕ ಸುಮಾರು 1,300ರಿಂದ 1,400 ಗ್ರಾಂ. ಇದು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೂ ವಿಶ್ರಾಂತಿಯಲ್ಲಿರುವ ದೇಹವು ಬಳಸುವ ಆಮ್ಲಜನಕದಲ್ಲಿ ಐದನೆಯ ಒಂದು ಪಾಲು ಇದಕ್ಕೇ ಸಲ್ಲುತ್ತದೆ. ಇದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಇತ್ತೀಚಿನ ಗಣನೆ. ಇವು ಸೂಕ್ಷ್ಮವಾದ ವಿದ್ಯುತ್ ಸಂಕೇತಗಳಿಂದಲೂ ರಾಸಾಯನಿಕಗಳಿಂದಲೂ ಪರಸ್ಪರ ವ್ಯವಹರಿಸುತ್ತವೆ. ಸ್ಥೂಲವಾಗಿ ಮಿದುಳನ್ನು ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮಸ್ತಿಷ್ಕಕಾಂಡ ಎಂದು ಮೂರಾಗಿ ವಿಭಾಗಿಸಬಹುದು.

ಮಹಾಮಸ್ತಿಷ್ಕವು ಇವುಗಳಲ್ಲಿ ಅತಿ ದೊಡ್ಡದು. ಇದು ಎಡ ಬಲವೆಂಬ ಎರಡು ಗೋಳಾರ್ಧಗಳಿಂದ ಕೂಡಿದ್ದು, ಎಡಗೋಳಾರ್ಧವು ದೇಹದ ಬಲಭಾಗವನ್ನೂ ಬಲಗೋಳಾರ್ಧವು ಎಡಭಾಗವನ್ನೂ ಆಳುತ್ತದೆ. ಇದರ ಹೊರಪದರವು ಕೆಲವೇ ಮಿಲಿಮೀಟರು ದಪ್ಪವಾದುದು. ಮಡಿಕೆ ಮಡಿಕೆಯಾಗಿ ಕಪಾಲದೊಳಗೆ ಅಡಕವಾಗಿದೆ. ಪ್ರತಿ ಗೋಳಾರ್ಧದಲ್ಲಿಯೂ ನಾಲ್ಕು ಹಾಲೆಗಳನ್ನು ಗುರುತಿಸುತ್ತಾರೆ. ಹಣೆಯ ಹಿಂದಿನ ಹಾಲೆಯು ವಿವೇಚನೆ, ಸಂಯಮ, ಮುಂದಾಲೋಚನೆ ಮತ್ತು ಸ್ವಪ್ರೇರಿತ ಚಲನೆಗಳಿಗೆ ನೆಲೆ. ನೆತ್ತಿಯ ಹಾಲೆಯು ಸ್ಪರ್ಶ, ಶಾಖ, ನೋವುಗಳ ಅರಿವನ್ನು ಪಡೆಯುತ್ತದೆ. ಹಿಂದಲೆಯ ಹಾಲೆಯು ದೃಷ್ಟಿಗೆ ಸಂಬಂಧಿಸಿದುದು. ಕಣತಲೆಯ ಹಾಲೆಯು ಶ್ರವಣ ಮತ್ತು ಭಾಷೆಯ ಗ್ರಹಿಕೆಗೆ ಕಾರಣವಾಗಿದ್ದು, ಅದರ ಒಳಮಗ್ಗುಲಲ್ಲಿ ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಅಂಗವಿದೆ. ಗೋಳಾರ್ಧಗಳ ತಳದಲ್ಲಿರುವ ಥಲಾಮಸ್ ಬಹುತೇಕ ಇಂದ್ರಿಯಗಳ ಸುದ್ದಿಯನ್ನು ಹೊರಪದರಕ್ಕೆ ರವಾನಿಸುತ್ತದೆ. ಅದರ ಕೆಳಗಿನ ಹೈಪೊಥಲಾಮಸ್ ಹಸಿವು, ಬಾಯಾರಿಕೆ ಮತ್ತು ದೇಹದ ಉಷ್ಣತೆಯನ್ನು ಹದದಲ್ಲಿಡುತ್ತದೆ.

ಅನುಮಸ್ತಿಷ್ಕವು ತಲೆಯ ಹಿಂಭಾಗದಲ್ಲಿ, ಮಹಾಮಸ್ತಿಷ್ಕದ ಅಡಿಯಲ್ಲಿದೆ. ಗಾತ್ರದಲ್ಲಿ ಕಿರಿದಾದರೂ ನರಕೋಶಗಳ ಬಹುಪಾಲು ಇಲ್ಲಿಯೇ ಇದೆ. ಚಲನೆಗಳ ಹೊಂದಾಣಿಕೆ ಮತ್ತು ದೇಹದ ಸಮತೋಲ ಇದರ ಕಾರ್ಯಗಳು. ತಲೆಯ ಮೇಲೆ ಕೊಡ ಹೊತ್ತು ಕೆರೆಯ ಏರಿಯ ಮೇಲೆ ತಡವರಿಸದೆ ನಡೆಯುವ ಹೆಣ್ಣುಮಗಳು ಇದರ ಸಾಮರ್ಥ್ಯಕ್ಕೆ ಸಾಕ್ಷಿ. ಮಸ್ತಿಷ್ಕಕಾಂಡವು ಮಿದುಳನ್ನು ಬೆನ್ನುಹುರಿಗೆ ಕೂಡಿಸುವ ಭಾಗ. ಇದರ ತುದಿಯಲ್ಲಿರುವ ಮೆಡುಲ್ಲವು ಉಸಿರಾಟ, ಹೃದಯದ ಬಡಿತ ಮತ್ತು ರಕ್ತದೊತ್ತಡವನ್ನು ನಮ್ಮ ಅರಿವಿಗೆ ಬಾರದಂತೆಯೇ ನಿಯಂತ್ರಿಸುತ್ತದೆ.

ಇನ್ನು ಮೊದಲು ಹೇಳಿದ ಹುಡುಗನ ವಿಷಯಕ್ಕೆ ಬರೋಣ. ನರಕೋಶಗಳ ಒಂದು ಗುಂಪು ತನ್ನ ಕ್ರಮವನ್ನು ಮೀರಿ ಏಕಕಾಲದಲ್ಲಿ ವಿದ್ಯುತ್ತನ್ನು ಹೊರಸೂಸಿದಾಗ ಮೂರ್ಛೆ ಉಂಟಾಗುತ್ತದೆ. ಹೀಗೆ ಮತ್ತೆ ಮತ್ತೆ ಬರುವ ಪ್ರವೃತ್ತಿಯೇ ಅಪಸ್ಮಾರ. ಎಲ್ಲಿಂದ ಆರಂಭವಾಯಿತೋ ಆ ಭಾಗದ ಕಾರ್ಯವೇ ಮೊದಲು ಕೆಡುತ್ತದೆ. ಲಂಡನ್ನಿನ ವೈದ್ಯ ಹ್ಯೂಲಿಂಗ್ಸ್ ಜ್ಯಾಕ್ಸನ್ ಹತ್ತೊಂಬತ್ತನೆಯ ಶತಮಾನದಲ್ಲಿ, ಸೆಳೆತವು ಬೆರಳಿನಿಂದ ತೋಳಿಗೆ ಹರಡುವ ಕ್ರಮವನ್ನು ನೋಡಿಯೇ, ಮಿದುಳಿನಲ್ಲಿ ಚಲನೆಗೆ ನಿಯತವಾದ ನೆಲೆಗಳಿರಬೇಕೆಂದು ಊಹಿಸಿದನು. 1870ರಲ್ಲಿ ಜರ್ಮನಿಯ ಫ್ರಿಟ್ಷ್ ಮತ್ತು ಹಿಟ್ಸಿಗ್ ನಾಯಿಗಳ ಮೇಲೆ ನಡೆಸಿದ ಪ್ರಯೋಗವು ಆ ಊಹೆಗೆ ಆಧಾರ ಒದಗಿಸಿತು.

ಬಿಸಿನೀರಿನ ಅಪಸ್ಮಾರದಲ್ಲಿ ಪ್ರಚೋದಕವು ತಲೆಗೆ ಸುರಿಯುವ ನೀರು. ಹಳೆಯ ಮೈಸೂರು ಸೀಮೆಯಲ್ಲಿ ಕೆಲವು ದಿನಗಳಿಗೊಮ್ಮೆ ಹಂಡೆಯಲ್ಲಿ ಕಾಸಿದ ನೀರನ್ನು ಚೊಂಬಿನಿಂದ ಮೇಲಿಂದ ಮೇಲೆ ತಲೆಗೆ ಹುಯ್ದುಕೊಳ್ಳುವುದು ವಾಡಿಕೆ. ಆ ನೀರಿನ ಉಷ್ಣತೆ 40ರಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುತ್ತದೆ. ಈ ರೋಗವುಳ್ಳವರಿಗೆ ಆಗ ದೃಷ್ಟಿ ನಿಲ್ಲುತ್ತದೆ, ಮಾತು ತೊದಲುತ್ತದೆ, ಅರಿವು ಮಸುಕಾಗುತ್ತದೆ. ಕೆಲವರು ಒಂದು ಬಗೆಯ ಸುಖದಿಂದ ಎಚ್ಚರ ತಪ್ಪುವವರೆಗೂ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಇವು ಬಹುಮಟ್ಟಿಗೆ ಕಣತಲೆಯ ಹಾಲೆಯ ಲಕ್ಷಣಗಳು. ಕೆಲವು ರೋಗಿಗಳ ಪರೀಕ್ಷೆಯಲ್ಲಿ ಆ ಹಾಲೆಯ ಒಳಮಗ್ಗುಲೂ ಹೈಪೊಥಲಾಮಸ್ಸೂ ಹೆಚ್ಚು ಚಟುವಟಿಕೆಯಿಂದ ಇದ್ದುದು ಕಂಡುಬಂದಿದೆ.

ಈ ರೋಗವನ್ನು 1945ರಲ್ಲಿಯೇ ನ್ಯೂಜಿಲೆಂಡಿನಿಂದ ವರದಿಮಾಡಿದ್ದರೂ, ಅದರ ವಿಸ್ತಾರವಾದ ಅಧ್ಯಯನ ನಡೆದದ್ದು ನಮ್ಮ ನಾಡಿನಲ್ಲಿ. ಡಾ. ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು 1974ರಲ್ಲಿ 108 ರೋಗಿಗಳ ವಿವರವನ್ನು ಪ್ರಕಟಿಸಿದರು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆದದ್ದೂ ಅದೇ ವರ್ಷ. ಆ ಸಂಸ್ಥೆಯ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳನ್ನು ಕುರಿತು ಬರೆದರು. ಯಳಂದೂರು ತಾಲ್ಲೂಕಿನ ಸಮೀಕ್ಷೆಯಲ್ಲಿ ಅಪಸ್ಮಾರವುಳ್ಳವರ ಪೈಕಿ ಶೇಕಡ 6.9 ಮಂದಿ ಈ ಬಗೆಗೆ ಸೇರಿದವರಾಗಿದ್ದರು. ಹೀಗಿರಲು ಇದನ್ನು ಅಪರೂಪವೆಂದು ನಮ್ಮ ಸೀಮೆಯವರು ತಳ್ಳಿಹಾಕುವಂತಿಲ್ಲ.

ಅಪಸ್ಮಾರವೆಂಬ ಹೆಸರಿನಲ್ಲಿಯೇ ಸ್ಮೃತಿಯ ಲೋಪವೆಂಬ ಅರ್ಥವಿದೆ. ಆಯುರ್ವೇದವು ಇದನ್ನು ವ್ಯಾಧಿಯೆಂದು ಎಣಿಸಿ ಚಿಕಿತ್ಸೆ ಹೇಳಿದರೆ, ಶಿಲ್ಪಿಗಳು ನಟರಾಜನ ಪಾದದಡಿಯ ಕುಬ್ಜನಿಗೆ ಇದೇ ಹೆಸರನ್ನು ಕೊಟ್ಟರು. ಲೋಕದ ಮನಸ್ಸಿನಲ್ಲಿ ವ್ಯಾಧಿಗಿಂತ ಭೂತವೇ ಬಲವಾಗಿ ಉಳಿಯಿತು. ಕಾನೂನೂ ಇದಕ್ಕೆ ಹೊರತಾಗಲಿಲ್ಲ. 1976ರ ತಿದ್ದುಪಡಿಯು ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರವನ್ನು ಉನ್ಮಾದದ ಜೊತೆಗಿರಿಸಿ ವಿವಾಹಕ್ಕೆ ಅಡ್ಡಿಯೆಂದು ಎಣಿಸಿತು. ಆ ಮಾತನ್ನು ಕಿತ್ತುಹಾಕಲು 1999ರವರೆಗೆ ಕಾಯಬೇಕಾಯಿತು. ಕಾನೂನು ಬಿಟ್ಟರೂ ಹಳ್ಳಿಯ ಮನಸ್ಸು ಇನ್ನೂ ಬಿಟ್ಟಿಲ್ಲ.

ಬಿಸಿನೀರಿನ ಅಪಸ್ಮಾರಕ್ಕೆ ಮೊದಲ ಉಪಾಯ ಸರಳವಾದುದು: ತಲೆಗೆ ಉಗುರುಬೆಚ್ಚಗಿನ ನೀರು ಹಾಕಿಕೊಳ್ಳುವುದು, ಬಚ್ಚಲ ಬಾಗಿಲಿಗೆ ಅಗಳಿ ಹಾಕದಿರುವುದು, ಉರಿಯುವ ಒಲೆಯಿಂದ ದೂರವಿರುವುದು. ಅದರಿಂದ ಗುಣ ಕಾಣದಿದ್ದರೆ ಸ್ನಾನಕ್ಕೆ ಸುಮಾರು ಎರಡು ಗಂಟೆ ಮೊದಲು ಕ್ಲೋಬಜಾಮ್ ಎಂಬ ಔಷಧವನ್ನು ಸೇವಿಸಲು ವೈದ್ಯರು ಸೂಚಿಸುವುದುಂಟು. ಸ್ನಾನವಲ್ಲದ ವೇಳೆಯಲ್ಲಿಯೂ ಮೂರ್ಛೆ ಬರುವವರಿಗೆ ನಿತ್ಯದ ಔಷಧ ಬೇಕಾಗುತ್ತದೆ. ಯಾವುದನ್ನೂ ವೈದ್ಯರ ಸಲಹೆಯಿಲ್ಲದೆ ಆರಂಭಿಸಲೂ ಬಾರದು, ನಿಲ್ಲಿಸಲೂ ಬಾರದು.

ನನ್ನ ವಿದ್ಯಾರ್ಥಿಗೆ ಬೇಕಾಗಿದ್ದುದು ಬಹುಶಃ ಇಷ್ಟೇ. ಅವನು ಓದು ಬಿಟ್ಟುಹೋದ ಮೇಲೆ ನಾನು ಇದನ್ನು ತಿಳಿದೆ. ತರಗತಿಯಲ್ಲಿ ಇಂಥ ಹುಡುಗನೋ ಹುಡುಗಿಯೋ ಕಂಡಾಗ, ಅಧ್ಯಾಪಕನು ಯಾವ ಶಾಸ್ತ್ರದವನೇ ಆಗಿರಲಿ, ಮನೆಯವರಿಗೆ ಮಿದುಳಿನ ನಾಲ್ಕು ಮಾತು ತಿಳಿಯಹೇಳಲು ಶಕ್ತನಾಗಿರಬೇಕು.