'ನಾನೇನು ಹುಚ್ಚನಾ? ಬೇಕಾದ್ರೆ ನೀನು ಹೋಗು!'

ಜವಳಗಿರಿ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿಬಿಟ್ಟರು. ಉಂಡು, ಮಲಗಿ, ಬೆಳಿಗ್ಗೆ ಎದ್ದ ಮೇಲೂ ಮುಗಿಯದ ಜಗಳಕ್ಕೆ ಏನು ಮಾಡಬೇಕು ಎಂದು ಹೇಳಲಿಲ್ಲ. ಜಗಳವೂ ಇಲ್ಲದ, ಮಾತೂ ಇಲ್ಲದ ಮನೆಗಳ ಬಗ್ಗೆಯಂತೂ ಗಾದೆ ಕಟ್ಟಿದವರು ಯೋಚಿಸಿದಂತೆಯೇ ಕಾಣುವುದಿಲ್ಲ.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಮದುವೆಯಾಗಿ ಇಪ್ಪತ್ತೆರಡು ವರ್ಷ. ಆಕೆ ಆನೇಕಲ್ ಕಡೆಯಿಂದ ಬಂದವಳು, ಆತ ಜವಳಗಿರಿಯವನೇ. ಮಗನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ, ಮಗಳು ಕಾಲೇಜು. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಾಡಿನಿಂದ ಆನೆ ಹಿಂಡು ಜವಳಗಿರಿ ಕಾಡಿಗೆ ಬರುತ್ತದೆ, ಆತ ಹೊಲ ಕಾಯಲು ರಾತ್ರಿ ಅಟ್ಟಣೆ ಹತ್ತುತ್ತಾನೆ. ಸರಿ, ಊರೆಲ್ಲ ಮಾಡುವುದೇ ಅದು. ಆದರೆ ಕಟಾವು ಮುಗಿದು, ಕಣ ಮುಗಿದು, ಆನೆಗಳು ಹೊರಟುಹೋದ ಮೇಲೂ ಆತ ಮನೆಯೊಳಗೆ ಮಲಗುವುದಿಲ್ಲ. ಕೇಳಿದರೆ 'ಏನೂ ಇಲ್ಲ ಬಿಡು' ಅನ್ನುತ್ತಾನೆ. ಮತ್ತೆ ಕೇಳಿದರೆ ಟವೆಲ್ ಹೆಗಲಿಗೆ ಹಾಕಿಕೊಂಡು ಟೀ ಅಂಗಡಿಗೆ ಹೊರಟ.

ಮಗಳು ಹೇಳುತ್ತಾಳೆ: 'ಅವ್ವಾ, ಇದಕ್ಕೆಲ್ಲ ಈಗ ಕೌನ್ಸೆಲಿಂಗ್ ಅಂತ ಇದೆ. ಇಬ್ಬರೂ ಹೋಗಿ ಒಂದ್ಸಲ ಮಾತಾಡಿ ಬನ್ನಿ.' ಧೈರ್ಯ ಮಾಡಿ ಆಕೆ ಗಂಡನ ಹತ್ತಿರ ಎತ್ತಿದರೆ ಬರುವ ಉತ್ತರ: 'ನಾನೇನು ಹುಚ್ಚನಾ? ಬೇಕಾದ್ರೆ ನೀನು ಹೋಗು!'

ಬೈಗುಳದಂತೆ ಬಂದ ಮಾತು ನಿಜ. ಆದರೆ ಅದರ ಎರಡನೇ ಅರ್ಧದಲ್ಲಿ ಒಂದು ದಾರಿ ಇದೆ. ಆಕೆ ಒಬ್ಬಳೇ ಹೋಗಬಹುದು.

ಹುಚ್ಚಾಸ್ಪತ್ರೆ ಎಂಬ ಹಳೆಯ ಹೆಸರು

ಈ ಭಾಗದವರಿಗೆ ಮನಸ್ಸಿನ ಆಸ್ಪತ್ರೆ ಎಂದರೆ ಬೆಂಗಳೂರಿನ ನಿಮ್ಹಾನ್ಸ್. ಅದಿರುವುದು ಕೂಡ ಹೊಸೂರು ರಸ್ತೆಯಲ್ಲೇ, ಡೈರಿ ಸರ್ಕಲ್ ದಾಟಿದ ಮೇಲೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಅದಕ್ಕೆ 'ಲುನಾಟಿಕ್ ಅಸೈಲಂ' ಎಂಬ ಹೆಸರಿತ್ತು. 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಹೆಸರು ಎಷ್ಟು ಸಲ ಬದಲಾದರೂ ಊರ ಬಾಯಲ್ಲಿ ಮೊದಲಿನದೇ ಉಳಿದಿದೆ. ಹಾಗಾಗಿ 'ನಿಮ್ಹಾನ್ಸ್‌ಗೆ ಹೋಗೋಣ' ಎಂದರೆ ಗಂಡನ ಕಿವಿಗೆ ಬೀಳುವುದೇ ಬೇರೆ.

ಅಲ್ಲಿ ಫ್ಯಾಮಿಲಿ ಸೈಕಿಯಾಟ್ರಿ ಸೆಂಟರ್ ಎಂಬ ಪ್ರತ್ಯೇಕ ವಿಭಾಗ ಇರುವುದು ಬಹಳ ಜನಕ್ಕೆ ಗೊತ್ತಿಲ್ಲ. ಗಂಡ ಹೆಂಡಿರ ತೊಡಕು, ಅಪ್ಪ ಮಕ್ಕಳ ತೊಡಕು, ಒಟ್ಟಿನಲ್ಲಿ ಇಡೀ ಮನೆಯನ್ನೇ ಕೂರಿಸಿಕೊಂಡು ಮಾತಾಡುವ ಜಾಗ ಅದು. ನಮ್ಮ ದೇಶದಲ್ಲಿ ಇದರ ಬೇರು ಪಂಜಾಬಿನಲ್ಲಿದೆ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನೂ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ಕಾಯಿಲೆ ಒಬ್ಬರದಾದರೂ ವಾಸಿಯಾಗಲು ಮನೆಮಂದಿ ಬೇಕು ಎಂಬುದನ್ನು ಅವರು ಮಾಡಿ ತೋರಿಸಿದರು.

ಇನ್ನೊಂದು ಪಂಚಾಯ್ತಿ ಅಂತ ಭಯ

'ಹುಚ್ಚ' ಎಂಬ ಮಾತು ಮೇಲಿನ ಕಾರಣ ಅಷ್ಟೇ. ಒಳಗಿನ ಕಾರಣ ಬೇರೆ ಇರುತ್ತದೆ. ಈ ಕಡೆ ಗಂಡ ಹೆಂಡಿರ ಮಧ್ಯೆ ಮೂರನೆಯವರು ಬಂದರೆಂದರೆ ಅದು ಪಂಚಾಯ್ತಿ. ಎರಡೂ ಕಡೆಯ ಹಿರಿಯರು ಜಗಲಿ ಮೇಲೆ ಕೂರುತ್ತಾರೆ, ತಪ್ಪು ಯಾರದೆಂದು ಹುಡುಕುತ್ತಾರೆ, ಒಬ್ಬರು ತಲೆ ತಗ್ಗಿಸಿ ಎದ್ದು ಹೋಗುತ್ತಾರೆ. ಪೊಲೀಸ್ ಠಾಣೆಯಲ್ಲಿ 'ಕೌನ್ಸೆಲಿಂಗ್' ಎಂಬ ಹೆಸರಿನಲ್ಲಿ ನಡೆಯುವುದೂ ಎಷ್ಟೋ ಸಲ ಇಂಥದ್ದೇ. ಇದನ್ನು ಕಂಡವರು ಆಸ್ಪತ್ರೆಯ ಕೋಣೆಯನ್ನೂ ಹಾಗೇ ಭಾವಿಸುತ್ತಾರೆ. ಒಬ್ಬ ಡಾಕ್ಟರು, ಒಬ್ಬ ಹೆಂಡತಿ, ಇಬ್ಬರೂ ಸೇರಿ ತನ್ನನ್ನು ಕಟಕಟೆಗೆ ನಿಲ್ಲಿಸುತ್ತಾರೆ ಅಂತ.

ಸೋದರಮಾವನಿಗೇ ಹೆಣ್ಣು ಕೊಡುವ ರೂಢಿ ಇರುವ ಮನೆಗಳಲ್ಲಿ ಇದು ಇನ್ನೂ ಸಿಕ್ಕು. ಅತ್ತೆಯೇ ಅಜ್ಜಿ, ಗಂಡನೇ ತಾಯಿಯ ತಮ್ಮ. ಆಕೆ ತವರಿಗೆ ಹೋಗಿ ದೂರಿಕೊಂಡರೆ ತಾಯಿ ಮಗಳ ಕಡೆ ನಿಲ್ಲಬೇಕೋ, ತಮ್ಮನ ಕಡೆ ನಿಲ್ಲಬೇಕೋ? ಅಂಥ ಮನೆಗೆ ನಿಜವಾಗಿ ಹೊರಗಿನವರೊಬ್ಬರು ಬೇಕಾಗುವುದು ಇದಕ್ಕೇ. ವಿಚಿತ್ರವೆಂದರೆ ಅಲ್ಲೇ 'ಮನೆ ಮಾತು ಹೊರಗೆ ಹೋಗಬಾರದು' ಎಂಬ ಕಟ್ಟು ಹೆಚ್ಚು.

ಇವೆಲ್ಲ ಅಲ್ಲದೆ ಒಂದು ದಿನದ ಕೂಲಿ ಹೋಗುತ್ತದೆ ಎಂಬ ಚಿಂತೆಯೂ ಇರಬಹುದು. ಬಾಯಿ ಬಿಟ್ಟು ಹೇಳಿಕೊಳ್ಳಲಾಗದ ಮಂಕು ಇರಬಹುದು. ಅಥವಾ ಮನಸ್ಸಿನಲ್ಲಿ ಆಗಲೇ ಬೇರೆ ತೀರ್ಮಾನ ಮಾಡಿರಲೂಬಹುದು. ಅಂದಹಾಗೆ ಒಲ್ಲೆ ಎನ್ನುವವರು ಯಾವಾಗಲೂ ಗಂಡಸರೇ ಎಂದೇನಿಲ್ಲ. 'ಇಷ್ಟು ವರ್ಷ ಹೇಳಿದಾಗ ಕೇಳಿಸಿಕೊಳ್ಳಲಿಲ್ಲ, ಈಗ ಡಾಕ್ಟರ ಮುಂದೆ ಏನು ಹೇಳಲಿ' ಎನ್ನುವ ಹೆಂಗಸರೂ ಇರುತ್ತಾರೆ. ಮುಂದಿನ ಮಾತುಗಳು ಆಗ ಗಂಡನಿಗೂ ಅಷ್ಟೇ ಸಲ್ಲುತ್ತವೆ.

ಕೇಳುವ ರೀತಿ

ಜಗಳದ ಮಧ್ಯೆ 'ನಿಮ್ಮನ್ನ ಡಾಕ್ಟರಿಗೆ ತೋರಿಸಬೇಕು' ಎಂದರೆ ಅದು ಆಹ್ವಾನವಲ್ಲ, ಬೈಗುಳ. ಅಣ್ಣನ ಕೈಲಿ, ಮಗನ ಕೈಲಿ ಹೇಳಿಸಿದರೆ ಪಂಚಾಯ್ತಿಯ ಭಯ ನಿಜವಾಗಿಬಿಡುತ್ತದೆ. ಹೊಟ್ಟೆ ತುಂಬಿದ, ಕೆಲಸ ಮುಗಿದ ಒಂದು ಹೊತ್ತು ನೋಡಿ ಮೆಲ್ಲಗೆ ಹೇಳುವುದು ಮೇಲು: 'ನನಗೆ ನಿದ್ದೆ ಬರ್ತಿಲ್ಲ. ನಾನು ಹೋಗಿ ಮಾತಾಡಿ ಬರ್ತೀನಿ. ನೀವೂ ಒಂದ್ಸಲ ಬಂದ್ರೆ ನನಗೆ ಧೈರ್ಯ. ಬರದಿದ್ರೂ ನಾನು ಹೋಗ್ತೀನಿ.'

ಇದರಲ್ಲಿ ಮೂರು ಸಂಗತಿ ಇವೆ. ತೊಂದರೆ ತನ್ನದು ಎಂದು ಹೇಳಿದೆ. ಕೇಳಿದ್ದು ಒಂದೇ ಸಲಕ್ಕೆ, ಜೀವನಪೂರ್ತಿಗಲ್ಲ. ಬರದಿದ್ದರೆ ನೋಡಿಕೊಳ್ಳುತ್ತೇನೆ ಎಂಬ ಬೆದರಿಕೆ ಇಲ್ಲ. ಬೆದರಿಕೆ ಹಾಕಿ ಕರೆತಂದವರು ಕುರ್ಚಿ ಮೇಲೆ ಕೂರಬಹುದು, ಬಾಯಿ ಬಿಡುವುದಿಲ್ಲ.

ಒಬ್ಬರೇ ಹೋದರೆ ಏನಾಗುತ್ತದೆ?

ಸಂಸಾರ ಇಬ್ಬರದು, ಒಬ್ಬಳು ಹೋದರೆ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಅಮೆರಿಕದ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಕ್ರಿಸ್ಟೆನ್ಸನ್ ದಂಪತಿಗಳ ಜಗಳವನ್ನು ವರ್ಷಗಟ್ಟಲೆ ಗಮನಿಸಿ ಒಂದು ಮಾದರಿ ಗುರುತಿಸಿದರು. ಬದಲಾವಣೆ ಬೇಕೆನ್ನುವವರು ಬೆನ್ನು ಹತ್ತುತ್ತಾರೆ, ಇದ್ದಂತೆಯೇ ಇರಲಿ ಎನ್ನುವವರು ಹಿಂದೆ ಸರಿಯುತ್ತಾರೆ. ಆಕೆ ಹೆಚ್ಚು ಕೇಳಿದಷ್ಟೂ ಆತ ಹೆಚ್ಚು ಮೌನಿ, ಆತ ಮೌನಿಯಾದಷ್ಟೂ ಆಕೆಯ ದನಿ ಏರು. ಗಾಣದ ಎತ್ತಿನಂತೆ ಅದೇ ಸುತ್ತು. ಈ ಸುತ್ತಿನಲ್ಲಿ ಅರ್ಧ ಆಕೆಯದು. ಆ ಅರ್ಧವನ್ನು ಬದಲಿಸಲು ಗಂಡನ ಒಪ್ಪಿಗೆ ಬೇಕಿಲ್ಲ.

ಮಯಾಮಿಯಲ್ಲಿ ಹೋಸೆ ಸಪೋಚ್ನಿಕ್ ಎಂಬ ತಜ್ಞ ಮತ್ತು ಸಂಗಡಿಗರು 1980ರ ದಶಕದಲ್ಲಿ ಮನೆಯ ಒಬ್ಬರನ್ನೇ ಇಟ್ಟುಕೊಂಡು ಕುಟುಂಬ ಚಿಕಿತ್ಸೆ ನಡೆಸಿ ನೋಡಿದರು. ಅವು ಮಾದಕ ವಸ್ತುವಿಗೆ ಬಿದ್ದ ಹದಿಹರೆಯದವರ ಮನೆಗಳು. ಇಡೀ ಮನೆಯನ್ನು ಕರೆಸಿದ ಕಡೆ ಬಂದ ಫಲಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಒಬ್ಬರೇ ಹೋಗುವುದು ಯಾವಾಗಲೂ ಒಳಿತೇ ಎಂದು ಹೇಳಿದರೆ ಸುಳ್ಳಾದೀತು. 1978ರಲ್ಲೇ ಗರ್ಮನ್ ಮತ್ತು ನಿಸ್ಕರ್ನ್ ಎಂಬ ಇಬ್ಬರು ಸಂಶೋಧಕರು ಎಚ್ಚರಿಸಿದ್ದರು: ದಾಂಪತ್ಯದ ತೊಂದರೆಗೆ ಒಬ್ಬರಿಗೆ ಮಾತ್ರ ಚಿಕಿತ್ಸೆ ಕೊಟ್ಟಾಗ ಸಂಬಂಧ ಕೆಡುವ ಸಂದರ್ಭ ಹೆಚ್ಚು ಎಂದು. ಕಾರಣ ಊಹಿಸುವುದು ಕಷ್ಟವಲ್ಲ. ಒಂದೇ ಕಡೆಯ ಕತೆ ಕೇಳಿದ ಡಾಕ್ಟರು ಗೊತ್ತಿಲ್ಲದೆಯೇ ಆ ಕಡೆ ವಾಲಬಹುದು. ಹೀಗಾಗಿ ಹೋದ ಮೊದಲ ದಿನವೇ 'ನಾನು ಇವರನ್ನು ಬಿಡಲು ಬಂದಿಲ್ಲ, ಹೀಗೇ ಇರಲೂ ಆಗ್ತಿಲ್ಲ. ನನ್ನಿಂದ ಏನಾಗುತ್ತಿದೆ ಹೇಳಿ' ಎಂದು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಪ್ರತಿ ಸಲವೂ ಗಂಡನ ತಪ್ಪಿನ ಪಟ್ಟಿ ಓದಿ ಹಗುರಾಗಿ ಬರುವುದಾದರೆ ಅದಕ್ಕೆ ಬಸ್ ಚಾರ್ಜ್ ದಂಡ. ನೀರು ಹಿಡಿಯುವ ಕಡೆ ನಿಂತರೂ ಅಷ್ಟು ಕೆಲಸ ಆಗುತ್ತದೆ.

ಕುಡಿತದ ಮನೆ

ಮೌನದ ಹಿಂದೆ ಬಾಟಲಿ ಇದ್ದರೆ ಲೆಕ್ಕ ಬೇರೆ. 2003ರಲ್ಲಿ ತಮಿಳುನಾಡಿನಲ್ಲಿ ಚಿಲ್ಲರೆ ಮದ್ಯ ಮಾರಾಟವನ್ನು ಟಾಸ್ಮಾಕ್ ವಹಿಸಿಕೊಂಡಿತು. ಗಡಿಯ ಆಚೆ ಕರ್ನಾಟಕದ ಅಂಗಡಿಗಳೂ ಉಂಟು. ಕುಡಿಯುವವರು 'ನನಗೇನೂ ಆಗಿಲ್ಲ' ಎನ್ನುವುದು ಎಲ್ಲ ದೇಶಗಳಲ್ಲೂ ಒಂದೇ ಧಾಟಿ.

ಇಲ್ಲಿ ಮನೆಯವರ ಪಾತ್ರದ ಬಗ್ಗೆ ಒಂದು ಗಟ್ಟಿ ಅಧ್ಯಯನ ಇದೆ. 1999ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಚಿಕಿತ್ಸೆಗೆ ಒಲ್ಲೆ ಎನ್ನುವ ಕುಡುಕರ 130 ಮಂದಿ ಮನೆಯವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪನ್ನು ಅಲ್-ಅನಾನ್ ಎಂಬ ಕುಟುಂಬ ಸಂಘದ ದಾರಿಯಲ್ಲಿ ನಡೆಸಿದರು, ಎರಡನೆಯದಕ್ಕೆ ಬಂಧುಗಳೆಲ್ಲ ಸೇರಿ ಎದುರಿಗೆ ನಿಲ್ಲಿಸಿ ಹೇಳುವ ಕ್ರಮ ಕಲಿಸಿದರು. ಮೂರನೆಯ ಗುಂಪಿಗೆ ಕಲಿಸಿದ್ದು ಬೇರೆ: ಕುಡಿಯದ ದಿನ ಜೊತೆಗೆ ಕೂತು ಮಾತಾಡಿ, ಕುಡಿದು ಬಂದಾಗ ವಾದ ಮಾಡದೆ ಸರಿದು ಹೋಗಿ, ಅವರ ಪರವಾಗಿ ಸುಳ್ಳು ಹೇಳಬೇಡಿ, ನಿಮ್ಮ ಬದುಕನ್ನು ನೋಡಿಕೊಳ್ಳಿ. ಮೊದಲ ಗುಂಪಿನಲ್ಲಿ ಶೇ 13, ಎರಡನೆಯದರಲ್ಲಿ ಶೇ 30, ಮೂರನೆಯದರಲ್ಲಿ ಶೇ 64 ಮನೆಗಳ ಕುಡುಕರು ಕೊನೆಗೆ ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಕೂರಿಸಿ ಬುದ್ಧಿ ಹೇಳುವ ನಮ್ಮ ಪಂಚಾಯ್ತಿಯ ದಾರಿಗೆ ಹತ್ತಿರದ್ದು ಆ ಮಧ್ಯದ ಗುಂಪು. ಅಲ್-ಅನಾನ್ ಮಾತ್ರ ಕುಡುಕರನ್ನು ಚಿಕಿತ್ಸೆಗೆ ತರುವುದಕ್ಕೆಂದೇ ಹುಟ್ಟಿದ ಸಂಘವಲ್ಲ. ನೊಂದ ಮನೆಯವರಿಗೆ ಒಂದು ಆಸರೆ ಅದು.

ಕೈ ಎತ್ತುವ ಮನೆ

ಹೊಡೆತ, ಬೆದರಿಕೆ, ಹಣ ಕಿತ್ತುಕೊಳ್ಳುವುದು ಇರುವಲ್ಲಿ 'ಬನ್ನಿ, ಇಬ್ಬರೂ ಮಾತಾಡೋಣ' ಎನ್ನುವುದು ಮೊದಲ ಹೆಜ್ಜೆ ಅಲ್ಲವೇ ಅಲ್ಲ. ಕೋಣೆಯಲ್ಲಿ ಬಾಯಿ ಬಿಟ್ಟ ಮಾತಿಗೆ ಮನೆಯಲ್ಲಿ ಏಟು ಬೀಳಬಹುದು. ಅಲ್ಲಿ ಆತ ಕೌನ್ಸೆಲಿಂಗ್‌ಗೆ ಒಲ್ಲೆ ಎಂದನೆಂಬುದು ದುಃಖಪಡುವ ವಿಷಯವೂ ಅಲ್ಲ. ಮೊದಲು ಜೀವ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಮದುವೆಯಾಗದೆ ಮದುವೆಯಂತೆಯೇ ಬಾಳುತ್ತಿರುವ ಹೆಂಗಸಿಗೂ ಅದು ಅನ್ವಯ. ಅದರ 14ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರು ಗಂಡ ಹೆಂಡತಿಯನ್ನು ಒಟ್ಟಿಗೇ ಆಗಲಿ, ಬೇರೆ ಬೇರೆಯಾಗಿಯೇ ಆಗಲಿ ಸಮಾಲೋಚನೆಗೆ ಕಳಿಸಬಹುದು. ಇನ್ನು ಮುಂದೆ ಹಿಂಸೆ ಮಾಡುವುದಿಲ್ಲವೆಂದು ಆತ ಬರೆದುಕೊಡಬೇಕು ಎಂದೂ ನಿಯಮ ಹೇಳುತ್ತದೆ. ಆಕೆ ಗಡಿ ದಾಟಿ ಆನೇಕಲ್ಲಿನ ತವರಲ್ಲಿ ತಾತ್ಕಾಲಿಕವಾಗಿ ಇದ್ದರೂ ಅಲ್ಲಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ಡೆಂಕಣಿಕೋಟೆಗೇ ಬರಬೇಕೆಂದಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಡಿ ವಕೀಲರ ನೆರವು ಉಚಿತ. ಮಹಿಳಾ ಸಹಾಯವಾಣಿ 181.

ಯಾವ ಭಾಷೆಯಲ್ಲಿ ಅಳುವುದು?

ಸಂತೆಯಲ್ಲಿ, ಆಫೀಸಿನಲ್ಲಿ ತಮಿಳು, ಮನೆಯಲ್ಲಿ ಕನ್ನಡ ಎಂದು ಬದುಕುವವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ರೇಷನ್ ಕಾರ್ಡಿನ ವಿಷಯ ಯಾವ ಭಾಷೆಯಲ್ಲಾದರೂ ಹೇಳಬಹುದು. ಇಪ್ಪತ್ತೆರಡು ವರ್ಷದ ಸಂಕಟ ಹಾಗಲ್ಲ. ಬೇಕಾದ ಮಾತು ಸಿಗದೆ 'ಎಲ್ಲಾ ಸರಿ ಇದೆ ಸಾರ್' ಎಂದು ಎದ್ದು ಬರುವುದೇ ಹೆಚ್ಚು. ಕೃಷ್ಣಗಿರಿಯಲ್ಲಿ 2022ರಲ್ಲಿ ಉದ್ಘಾಟನೆಯಾದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಅಲ್ಲಿಗೆ ಹೋಗುವವರು ಕನ್ನಡ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ನಿಮ್ಹಾನ್ಸ್ ಕೇಂದ್ರ ಸರ್ಕಾರದ ಸಂಸ್ಥೆ, ಯಾವ ರಾಜ್ಯದವರಾದರೂ ಹೋಗಬಹುದು. ಕರ್ನಾಟಕ 2023ರಲ್ಲಿ ತಂದ ಉಚಿತ ಬಸ್ ಪ್ರಯಾಣ ತಮಿಳುನಾಡಿನ ಆಧಾರ್ ಇಟ್ಟುಕೊಂಡವರಿಗೆ ಸಿಗುವುದಿಲ್ಲ ಎನ್ನುವುದೊಂದು ಬೇಸರ ಅಷ್ಟೇ.

ಬಸ್ಸು ಹತ್ತಲೂ ಆಗದವರಿಗೆ ಫೋನ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ ನಂಬರು 14416. ಹಗಲು ರಾತ್ರಿ ಎನ್ನದೆ ಉಚಿತ, ಕನ್ನಡವನ್ನೇ ಆರಿಸಿಕೊಳ್ಳಬಹುದು. ಆಸ್ಪತ್ರೆ ಎಂದರೆ ಮುಖ ತಿರುಗಿಸುವ ಗಂಡಸು ರಾತ್ರಿ ಅಟ್ಟಣೆ ಮೇಲೆ ಒಬ್ಬನೇ ಕೂತಾಗ ಇದೇ ನಂಬರು ಒತ್ತಿದರೂ ಒತ್ತಬಹುದು. ಹಾಗಾಗಿ ಅದನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಹತ್ತಿರ ಸಿಕ್ಕಿಸಿಟ್ಟರೆ ಸಾಕು, ಮೇಲೆ ಮಾತು ಬೇಡ.

ಎಷ್ಟು ದಿನ ಕಾಯಬೇಕು ಎಂಬುದಕ್ಕೆ ಯಾವ ಡಾಕ್ಟರೂ ಗಡುವು ಕೊಡಲಾರರು. ಮುಂದಿನ ರಾಗಿ ಕಣ ಮುಗಿಯುವ ತನಕ ಎಂದು ಮನಸ್ಸಿನಲ್ಲೇ ಒಂದು ಗೆರೆ ಹಾಕಿಕೊಂಡು, ಅದನ್ನು ಗಂಡನ ಮುಂದೆ ಸಾರದೆ, ಅಷ್ಟರಲ್ಲಿ ಸಂಘದ ಮೀಟಿಂಗು, ತನ್ನ ಹೆಸರಿನ ಪಾಸ್‌ಬುಕ್ಕು, ನಿಂತುಹೋದ ಅಕ್ಕ ತಂಗಿಯರ ಒಡನಾಟ ಇವನ್ನು ಮತ್ತೆ ಹಿಡಿಯುವುದು ಕೈಲಾಗುವ ಕೆಲಸ. ಗೆರೆ ಬಂದಾಗ ಏನು ಮಾಡುವುದೆಂದು ಆಗ ತೀರ್ಮಾನಿಸಬಹುದು. ಇರುವುದೂ ತೀರ್ಮಾನವೇ, ಹೊರಡುವುದೂ ತೀರ್ಮಾನವೇ.

ಮೊದಲ ಸಲ ಹೋಗಿ ಬಂದ ಸಂಜೆ ಗಂಡ ಕೇಳದೇ ಇರಲಾರ. ಮುಖ ಬೇರೆ ಕಡೆ ಇಟ್ಟುಕೊಂಡೇ ಕೇಳುತ್ತಾನೆ: 'ಏನಂದ್ರು?' 'ತಪ್ಪೆಲ್ಲ ನಿಮ್ಮದೇ ಅಂದ್ರು' ಎಂದರೆ ಕತೆ ಮುಗಿಯಿತು. 'ನಿಮ್ಮ ವಿಷಯ ಅವರೇನೂ ಹೇಳಲಿಲ್ಲ, ನನ್ನನ್ನೇ ಕೇಳ್ತಾ ಇದ್ರು. ಮುಂದಿನ ತಿಂಗಳು ಮತ್ತೆ ಬಾ ಅಂದಿದ್ದಾರೆ' ಎಂದಷ್ಟೇ ಹೇಳಿ ಮುದ್ದೆಗೆ ಎಸರಿಡಬಹುದು.