ಚಾಕುವಿಗೆ ತುಂಡಾಗುವ ಲೋಹ ಪಿಂಗಾಣಿಯನ್ನೇ ಸೀಳುತ್ತದೆ!

ಲಿಥಿಯಂ ಎಷ್ಟು ಮೆತ್ತಗಿನ ಲೋಹವೆಂದರೆ ಚಾಕುವಿನಲ್ಲಿ ಹೆಚ್ಚಬಹುದು. ಅದೇ ಲಿಥಿಯಂ ಬ್ಯಾಟರಿಯೊಳಗೆ ಕೂತು, ತನಗಿಂತ ಎಷ್ಟೋ ಪಟ್ಟು ಗಟ್ಟಿಯಾದ ಪಿಂಗಾಣಿ ಬಿಲ್ಲೆಯನ್ನು ಸೀಳಿಬಿಡುತ್ತದೆ ಎಂದರೆ ನಂಬುತ್ತೀರಾ? ನಂಬಲೇಬೇಕು!

ಹಲಗೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತವರ ಜೇಬು ಜೇಬಿನಲ್ಲೂ ಲಿಥಿಯಂ ಇದೆ, ಮೊಬೈಲಿನ ರೂಪದಲ್ಲಿ. ಹಲಗೂರು ಮಂಡ್ಯ ಜಿಲ್ಲೆಯ ಒಂದು ಅಂಚು. ಇದೇ ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣದ ಬಂಡೆಗಳಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು 2021ರಲ್ಲಿ ಸರ್ಕಾರವೇ ಪ್ರಕಟಿಸಿತು. ಆಗ ಎದ್ದ ಗದ್ದಲ ಆ ಟನ್ನುಗಳಿಗಿಂತ ದೊಡ್ಡದಿತ್ತು, ಬಿಡಿ. ನಿಜವಾದ ಸೋಜಿಗ ಇರುವುದು ಬ್ಯಾಟರಿಯ ಹೊಟ್ಟೆಯಲ್ಲಿ.

ಮೊಬೈಲ್ ಬ್ಯಾಟರಿಯೊಳಗೆ ಇರುವುದು ಬೆಂಕಿ ಹತ್ತಬಲ್ಲ ದ್ರವ. ಅದನ್ನು ತೆಗೆದು ಗಟ್ಟಿ ಪಿಂಗಾಣಿ ಇಟ್ಟರೆ? ಬೆಂಕಿಯ ಭಯ ಕಡಿಮೆ, ಶುದ್ಧ ಲಿಥಿಯಂ ಲೋಹವನ್ನೇ ಬಳಸಬಹುದು, ಅದೇ ತೂಕದಲ್ಲಿ ಹೆಚ್ಚು ಶಕ್ತಿ! ಲೋಹದಿಂದ ಮೊಳೆಯುವ ಎಳೆಗಳು, ಅಂದರೆ ಡೆಂಡ್ರೈಟ್‌ಗಳು, ಗಟ್ಟಿ ಗೋಡೆಗೆ ತಾಗಿ ನಿಲ್ಲುತ್ತವೆ ಎಂದೇ ಎಲ್ಲರ ಲೆಕ್ಕವಾಗಿತ್ತು. ಅವು ನಿಲ್ಲಲಿಲ್ಲ.

ಪಿಂಗಾಣಿಯ ಮೈಮೇಲೆ ಕಣ್ಣಿಗೆ ಕಾಣದ ಕುಳಿಗಳಿರುತ್ತವೆ. ಚಾರ್ಜ್ ಮಾಡುವಾಗ ಲಿಥಿಯಂ ಬಂದು ಅವುಗಳೊಳಗೆ ಲೋಹವಾಗಿ ತುಂಬುತ್ತದೆ. ಇನ್ನಷ್ಟು ಬರುತ್ತದೆ, ಹೊರಗೆ ಜಾರಲು ದಾರಿ ಸಾಲದು, ಒತ್ತಡ ಏರುತ್ತದೆ, ಚಟ್! ಹಳೆಯ ಕಲ್ಲುಕುಟಿಗರು ಬಂಡೆಯ ತೂತಿಗೆ ಒಣಮರದ ಬೆಣೆ ಹೊಡೆದು ನೀರು ಹೊಯ್ಯುತ್ತಿದ್ದರಲ್ಲ, ಊದಿದ ಮರ ಬಂಡೆಯನ್ನೇ ಇಬ್ಭಾಗ ಮಾಡುತ್ತಿತ್ತು. ಇದೂ ಹಾಗೆಯೇ. 2023ರಲ್ಲಿ ಆಕ್ಸ್‌ಫರ್ಡಿನವರು ಇನ್ನೂ ವಿಚಿತ್ರವಾದುದನ್ನು ತೋರಿಸಿದರು: ಬಿರುಕಿನ ತುದಿ ಖಾಲಿಯಾಗಿ ಮುಂದೆ ಓಡುತ್ತದೆ, ಲಿಥಿಯಂ ಹಿಂದಿನಿಂದ ಅಗಲಿಸುತ್ತಾ ಬರುತ್ತದೆ! ಲೋಹ ಆಚೆ ದಡ ಮುಟ್ಟಿದರೆ ಶಾರ್ಟ್ ಸರ್ಕ್ಯೂಟ್.

ಈ ಬಿರುಕಿಗೆ ಚಾಲನೆ ಕೊಡುವುದು ಯಾವುದು? ಉತ್ತರದ ಒಂದು ದೊಡ್ಡ ತುಣುಕು ಸಿಕ್ಕಿದ್ದು ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ನಾಗ ಫಣಿ ಏಟುಕೂರಿ ಅವರ ತಂಡ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊತೆ ಸೇರಿ 2022ರಲ್ಲಿ ‘ನೇಚರ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇದು: ಬ್ಯಾಟರಿ ಖಾಲಿಯಾಗುವಾಗ ಲಿಥಿಯಂ ಎದ್ದುಹೋದ ಜಾಗದಲ್ಲಿ ಸೂಕ್ಷ್ಮ ಪೊಳ್ಳುಗಳು ಉಳಿಯುತ್ತವೆ. ಆ ಪೊಳ್ಳುಗಳ ಅಂಚಿನಲ್ಲಿ ಹರಿಯುವ ಕರೆಂಟು ಸರಾಸರಿಗಿಂತ ಸುಮಾರು 10,000 ಪಟ್ಟು! ಇಡೀ ಬ್ಯಾಟರಿಗೆ ಹಂಚಿಹೋಗಬೇಕಾದದ್ದು ಒಂದು ಅಂಚಿಗೆ ನುಗ್ಗಿದರೆ ಪಿಂಗಾಣಿ ತಡೆದೀತೆ? ಮದ್ದನ್ನೂ ಅವರೇ ಕೊಟ್ಟರು. ಲಿಥಿಯಂ ಮತ್ತು ಪಿಂಗಾಣಿಯ ನಡುವೆ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಮ್‌ನ ತೆಳು ಲೇಪ ಕೊಟ್ಟಾಗ ಡೆಂಡ್ರೈಟ್ ಹುಟ್ಟುವುದು ತಡವಾಯಿತು. ಪೂರ್ತಿ ನಿಂತಿಲ್ಲ, ತಡವಾಗಿದೆ; ನನ್ನ ಮಟ್ಟಿಗೆ ಅದೇ ದೊಡ್ಡ ಗೆಲುವು.

ಹಲಗೂರಿನ ಮೇಷ್ಟ್ರುಗಳೇ, 1905ರಲ್ಲಿ ಬೆಂಗಳೂರಿಗೆ ಕರೆಂಟು ಹೋದದ್ದು ನಿಮ್ಮ ಮಳವಳ್ಳಿ ಸೀಮೆಯ ಶಿವನಸಮುದ್ರದಿಂದ. ಈಗ ಅದೇ ದಾರಿ ಹಿಡಿಯುವ ಸರದಿ ನಿಮ್ಮ ಮಕ್ಕಳದು. ವಿಜ್ಞಾನ ಸಂಸ್ಥೆಯ ಓಪನ್ ಡೇ ದಿನ ಯಾರು ಬೇಕಾದರೂ ಒಳಗೆ ಹೋಗಿ ಪ್ರಯೋಗಾಲಯ ನೋಡಬಹುದು. ಕನಕಪುರದ ಬಸ್ಸು ಹಿಡಿದು ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.