ಘಟ್ಟ ಹುಟ್ಟಿದ ಬಗೆ, ಧರೆ ಜಾರುವ ಬಗೆ

ನಮ್ಮ ಸದಸ್ಯರಲ್ಲಿ ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂದು ಎರಡು ಪಂಗಡ ಮಾಡಿ ಮಾತನಾಡುವುದು ವಾಡಿಕೆ. ಮೇಲಿನವರದು ಹೆಚ್ಚಾಗಿ ಕಾಫಿ, ಕೆಳಗಿನವರದು ಅಡಿಕೆ. ನಡುವೆ ನಿಂತಿರುವ ಈ ಘಟ್ಟವೆಂಬುದು ಏನು, ಅದು ಅಲ್ಲಿ ಏಕಿದೆ ಎಂದು ವಿಚಾರಿಸುವುದು ಶಾಲಾಮಕ್ಕಳ ಭೂಗೋಳವೆಂದು ಬೆಳೆಗಾರ ಬಾಂಧವರು ತಳ್ಳಿಹಾಕಬಾರದು. ತೋಟದ ಮಣ್ಣು ಹುಳಿಯಾಗಿರುವುದಕ್ಕೂ ಆಷಾಢ ಶ್ರಾವಣದ ಮಳೆಗೆ ಮನೆಯ ಹಿಂದಿನ ಧರೆ ಕುಸಿಯುವುದಕ್ಕೂ ಕಾರಣದ ಬೇರು ಅಲ್ಲಿಯೇ ಇದೆ.

ಹಾಸನದಿಂದ ಸಕಲೇಶಪುರಕ್ಕೆ ಬರುವವರು ಬೆಟ್ಟ ಹತ್ತಿದೆವೆಂದು ಹೇಳುವುದಿಲ್ಲ. ಎರಡು ಊರುಗಳೂ ಸಮುದ್ರಮಟ್ಟದಿಂದ 900 ಮೀಟರುಗಳಿಗಿಂತ ಮೇಲಿವೆ. ಅಲ್ಲಿಂದ ಶಿರಾಡಿಯ ದಾರಿ ಹಿಡಿದರೆ ಮಾತ್ರ ನೆಲ ಒಮ್ಮೆಲೇ ಕಾಲಕೆಳಗಿನಿಂದ ಜಾರಿಹೋದಂತಾಗಿ, ಕೆಲವೇ ಹರಿದಾರಿಯಲ್ಲಿ ತೆಂಗು ಅಡಿಕೆಗಳ ಸೆಕೆಯ ನಾಡು ಬಂದುಬಿಡುತ್ತದೆ. ಗುಂಡ್ಯದ ಕಡೆಯಿಂದ ನೋಡುವವರಿಗೆ ಅದು ಗೋಡೆ, ಸಕಲೇಶಪುರದ ಕಡೆಯಿಂದ ಬರುವವರಿಗೆ ಅದು ಜಗಲಿಯ ಅಂಚು. ಎರಡು ಮಗ್ಗುಲಿಗೂ ಇಳಿಜಾರಿರುವ ಬೆಟ್ಟಸಾಲು ಇದಲ್ಲ. ಮೆಟ್ಟಿಲೆಂಬ ಅರ್ಥದ ‘ಘಟ್ಟ’ ಎಂಬ ಹೆಸರನ್ನಿಟ್ಟ ಹಿರಿಯರು ಸರಿಯಾಗಿಯೇ ನೋಡಿದ್ದರು.

ಹಿಮಾಲಯ ಹುಟ್ಟಿದ್ದು ಎರಡು ಭೂಫಲಕಗಳು ಡಿಕ್ಕಿ ಹೊಡೆದು ನಡುವಿನ ನೆಲ ಮಡಿಸಿಕೊಂಡು ಮೇಲೆದ್ದದ್ದರಿಂದ. ನಮ್ಮ ಘಟ್ಟ ಹಾಗೆ ಕೂಡಿದ್ದರಿಂದ ಆದದ್ದಲ್ಲ, ಮುರಿದದ್ದರಿಂದ ಆದದ್ದು. ಒಂದಾನೊಂದು ಕಾಲದಲ್ಲಿ ಆಫ್ರಿಕ, ಮಡಗಾಸ್ಕರ, ಭಾರತ, ಆಸ್ಟ್ರೇಲಿಯ, ಅಂಟಾರ್ಕ್ಟಿಕ ಇವೆಲ್ಲ ಒಟ್ಟಾಗಿ ಗೊಂಡವಾನವೆಂಬ ಒಂದೇ ಭೂಖಂಡವಾಗಿದ್ದವು. ಅದು ಹಂತಹಂತವಾಗಿ ಒಡೆಯಿತು. ನಮ್ಮ ಪಶ್ಚಿಮದ ಅಂಚಿಗೆ ಕೊನೆಯವರೆಗೂ ಅಂಟಿಕೊಂಡಿದ್ದ ದೊಡ್ಡ ತುಂಡು ಮಡಗಾಸ್ಕರ. ಸುಮಾರು 9 ಕೋಟಿ ವರ್ಷಗಳ ಹಿಂದೆ ಅದೂ ಬೇರ್ಪಟ್ಟಿತು. ಭೂಮಿಯ ಒಡಲಿನಿಂದ ಕಾದ ಶಿಲಾರಸ ಮೇಲೇರಿ, ನೆಲ ಸೆಳೆತಕ್ಕೆ ಸಿಕ್ಕಿ ಉದ್ದಕ್ಕೆ ಬಿರಿದು, ಆ ಬಿರುಕೇ ಅಗಲವಾಗುತ್ತ ಹೋಗಿ ಸಮುದ್ರವಾಯಿತು. ನಮ್ಮ ಕರಾವಳಿ ಗೆರೆ ಎಳೆದಂತೆ ನೇರವಾಗಿರುವುದು ಈ ಬಿರುಕಿನ ಗುರುತು.

ಇದು ಬರಿಯ ಊಹೆಯಲ್ಲ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಕಲ್ಲುಕಂಬಗಳನ್ನು ನೋಡಿಯೇ ಇರುತ್ತೀರಿ. ಯಾರೋ ಕಡೆದು ನಿಲ್ಲಿಸಿದಂತೆ ಐದಾರು ಮೂಲೆಗಳುಳ್ಳ ಆ ಕಂಬಗಳು, ಆಗ ಉಕ್ಕಿದ ಶಿಲಾರಸ ಆರುವಾಗ ಕುಗ್ಗಿ ಸೀಳಿದ್ದರಿಂದ ಆದವು. ಅವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷವೆಂದು ಅಳೆದಿದ್ದಾರೆ. ಮಡಗಾಸ್ಕರದಲ್ಲಿಯೂ ಅದೇ ಕಾಲದ ಲಾವಾ ಕಲ್ಲುಗಳಿವೆ. ಅಲ್ಲಿನ ಪೂರ್ವ ಕರಾವಳಿಯಲ್ಲಿ ನಮ್ಮ ಘಟ್ಟದ ಜೋಡಿಯಂತೆ ಇನ್ನೊಂದು ಘಟ್ಟ ನಿಂತಿದೆ. ಅದರ ಮುಖ ಪೂರ್ವಕ್ಕೆ. ಕಡಲಗಾಳಿ ಬಡಿದು ಮಳೆ ಸುರಿಯುವುದು ಅಲ್ಲಿಯೂ ಹಾಗೆಯೇ, ಆ ಮಳೆಯ ಆಸರೆಯಲ್ಲಿ ರೋಬಸ್ಟಾ ಕಾಫಿ ಬೆಳೆಯುವುದೂ ಹಾಗೆಯೇ! ಈಶಾನ್ಯ ಮಡಗಾಸ್ಕರದ ಹಳೆಯ ಬಂಡೆಗಳು ನಮ್ಮ ಕರ್ನಾಟಕದ ಬಂಡೆಗಳ ಮುಂದುವರಿಕೆ ಎಂಬುದು ಭೂವಿಜ್ಞಾನಿಗಳ ಮತ.

ಮುರಿದಾಗ ಅಂಚು ಇದ್ದದ್ದು ಈಗಿನ ಜಾಗದಲ್ಲಲ್ಲ, ಪಶ್ಚಿಮಕ್ಕೆ ಇನ್ನಷ್ಟು ದೂರದಲ್ಲಿ. ಅಂದಿನಿಂದ ಮಳೆಯೂ ಹೊಳೆಗಳೂ ಆ ಅಂಚನ್ನು ಕೊರೆಯುತ್ತ ಪೂರ್ವಕ್ಕೆ ಹಿಂದೂಡಿವೆ. ಹಾಗೆ ಸವೆದುಳಿದ ತಗ್ಗುನೆಲವೇ ಘಟ್ಟದ ಕೆಳಗಿನ ಸೀಮೆ. ಸವೆದರೂ ಘಟ್ಟದ ಎತ್ತರ ಕುಗ್ಗಿಹೋಗದಿರುವುದಕ್ಕೆ ಒಂದು ಕಾರಣವುಂಟು. ಸಾಮಾನು ಇಳಿಸಿದ ದೋಣಿ ನೀರಿನಲ್ಲಿ ತುಸು ಮೇಲೇಳುವಂತೆ, ಕೋಟ್ಯಂತರ ವರ್ಷ ಮಣ್ಣು ಕಲ್ಲು ಕೊಚ್ಚಿಹೋಗಿ ಭಾರ ಇಳಿದಾಗ ಕೆಳಗಿನ ಭೂಚಿಪ್ಪು ಮೇಲೇಳುತ್ತದೆ. ಅತ್ತ ಕೊಚ್ಚಿಹೋದ ಮಣ್ಣು ಕಡಲತಳದಲ್ಲಿ ಸೇರಿ ಅಲ್ಲಿನ ನೆಲವನ್ನು ಕೆಳಗೆ ಒತ್ತುತ್ತದೆ.

ಬೆಳಗಾವಿಯಿಂದ ಉತ್ತರಕ್ಕೆ ಘಟ್ಟವೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕರಿಕಲ್ಲಿನ ಪದರಗಳು. ನಮ್ಮ ಕಡೆಯ ಕಲ್ಲು ಅದಕ್ಕಿಂತ ಬಹಳ ಹಳೆಯದು. ಘಟ್ಟವಾಗಿ ಒಡೆದದ್ದು ನಿನ್ನೆ ಮೊನ್ನೆಯಾದರೂ ಒಡೆದ ಕಲ್ಲು 250 ಕೋಟಿ, 300 ಕೋಟಿ ವರ್ಷಗಳದ್ದು. ಬಾಬಾಬುಡನ್‌ಗಿರಿಯ ಕಬ್ಬಿಣದ ಕಲ್ಲು ಅಂಥದು. ಅದು ಬಲು ಗಟ್ಟಿ, ಬೇಗ ಸವೆಯುವುದಿಲ್ಲ. ಸುತ್ತಲಿನದು ಸವೆದು ತಗ್ಗಿದರೂ ಅದು ನಿಂತಿತು. ಅಂಚಿನಿಂದ ಒಳಗಿದ್ದರೂ 1,930 ಮೀಟರು ಎತ್ತರದ ಮುಳ್ಳಯ್ಯನಗಿರಿ ಆ ಸಾಲಿನಲ್ಲಿರುವುದು ಇದರಿಂದಲೇ.

ಹೊಳೆಗಳಾದರೂ ಇದೇ ಕಥೆ ಹೇಳುತ್ತವೆ. ಗಂಗಾಮೂಲದಲ್ಲಿ ಹುಟ್ಟುವ ಮೂವರಲ್ಲಿ ತುಂಗೆಯೂ ಭದ್ರೆಯೂ ಹತ್ತಿರದ ಕಡಲಿಗೆ ಬೆನ್ನುಮಾಡಿ ಬಯಲುಸೀಮೆ ದಾಟಿ ಬಂಗಾಳಕೊಲ್ಲಿಯ ಕಡೆಗೆ ನಡೆಯುತ್ತವೆ, ನೇತ್ರಾವತಿಯೊಂದೇ ಮಂಗಳೂರಿಗೆ ಇಳಿಯುತ್ತದೆ. ತಲಕಾವೇರಿಯ ನೀರು 800 ಕಿಲೋಮೀಟರು ಹೋಗುವುದೂ ಪೂರ್ವಕ್ಕೇ. ಜಗಲಿಯ ಇಳಿಜಾರು ಆ ಕಡೆಗಿದೆಯಷ್ಟೆ. ಪಶ್ಚಿಮದ ಹೊಳೆಗಳು ಗಿಡ್ಡವಾದರೂ ರಭಸದವು. ಅವು ಘಟ್ಟದ ಅಂಚನ್ನು ಹಿಮ್ಮುಖವಾಗಿ ಕೊರೆದು ಮೇಲಿನ ನೀರನ್ನು ತಮ್ಮ ಕಡೆಗೆ ಸೆಳೆದುಕೊಳ್ಳುತ್ತವೆ. ಜೋಗದಲ್ಲಿ 253 ಮೀಟರು ಧುಮುಕುವ ಶರಾವತಿ ಈ ಅಂಚನ್ನು ಇನ್ನೂ ಕೊರೆಯುತ್ತಲೇ ಇದೆ.

ಇನ್ನು ಮಣ್ಣಿನ ಮಾತು. ಮುಂಗಾರು ಮೋಡ ಈ ಗೋಡೆಗೆ ತಡೆದು ಮೇಲೇರಿ ತಣಿಯುವುದರಿಂದ ಆಗುಂಬೆಯಂಥಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಇಷ್ಟು ನೀರು ಯುಗಯುಗಾಂತರ ಇಳಿದು ಕಲ್ಲಿನೊಳಗಿನ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್‌ಗಳನ್ನು ತೊಳೆದುಹಾಕಿತು. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ನಮ್ಮ ಮಣ್ಣು ಕೆಂಪಾಗಿರುವುದು, ಹುಳಿಯಾಗಿರುವುದು, ಹಾಕಿದ ರಂಜಕವನ್ನು ಗಿಡಕ್ಕೆ ಬಿಡದೆ ಹಿಡಿದಿಡುವುದು ಎಲ್ಲವೂ ಇದರ ಫಲ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕಿರೆಂದು ನಾವು ವರ್ಷವರ್ಷವೂ ಬರೆಯುವುದು ಸುಣ್ಣ ಮಾರುವವರ ಹಿತಕ್ಕಲ್ಲ! ಘಟ್ಟದ ಕೆಳಗೆ ಈ ಕ್ರಿಯೆ ಇನ್ನೂ ಮುಂದುವರಿದು ಮುರಕಲ್ಲಾಯಿತು. ಫ್ರಾನ್ಸಿಸ್ ಬುಕಾನನ್ 1807ರ ತನ್ನ ಗ್ರಂಥದಲ್ಲಿ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮವರು ಜಂಬಿಟ್ಟಿಗೆ ಎನ್ನುವುದೂ ಅದನ್ನೇ. ಮುರಕಲ್ಲು ನೀರನ್ನು ಇಳಿಯಗೊಡುತ್ತದೆ, ಅದರ ಕೆಳಗಿನ ಶೇಡಿಮಣ್ಣು ಸುಲಭವಾಗಿ ಬಿಡುವುದಿಲ್ಲ. ಬಾಯಾರು, ಮಾಣಿಲದ ಕಡೆ ಗುಡ್ಡಕ್ಕೆ ಸುರಂಗ ಕೊರೆದು ಅಡಿಕೆ ತೋಟಕ್ಕೆ ನೀರು ತಂದವರು ಪುಸ್ತಕವಿಲ್ಲದೆಯೇ ಈ ಪಾಠ ಓದಿದವರು.

ಆದರೆ ನೀರು ಕೊಡುವ ಈ ರಚನೆಯೇ ಅಪಾಯಕ್ಕೂ ಕಾರಣ. ಮೇಲೆ ದಪ್ಪ ಕೊಳೆತ ಮಣ್ಣು, ಕೆಳಗೆ ನೀರು ತಡೆಯುವ ಜೇಡಿ ಅಥವಾ ಬಂಡೆ, ಅದೂ ಇಳಿಜಾರಿನಲ್ಲಿ. ದಿನಗಟ್ಟಲೆ ಬಿಡದೆ ಸುರಿದರೆ ಮಣ್ಣು ನೀರು ಕುಡಿದು ಭಾರವಾಗಿ, ನಡುವಿನ ಹಿಡಿತ ಸಡಿಲಿ, ತೋಟ ಮರ ಮನೆ ಸಹಿತ ಕೆಳಗಿಳಿಯುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಆದದ್ದು ಇದೇ. 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬೆಟ್ಟದಲ್ಲಿ, 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಒಂದೇ ರಾತ್ರಿ ಮಡಿದರು.

ಅಂಚು ಕುಸಿಯುತ್ತ ಹಿಂದೆ ಸರಿಯುವುದು ಘಟ್ಟದ ಹುಟ್ಟುಗುಣ, ಅದನ್ನು ಯಾರೂ ನಿಲ್ಲಿಸಲಾರರು. ಆದರೆ ಎಲ್ಲಿ, ಯಾವಾಗ ಎಂಬುದರಲ್ಲಿ ನಮ್ಮ ಹಾರೆ ಪಿಕಾಸಿಗಳ, ಈಗೀಗ ಜೆಸಿಬಿಯ ಪಾಲೂ ಇದೆ. ಮನೆಗೋ ಕಣಕ್ಕೋ ರಸ್ತೆಗೋ ಇಳಿಜಾರಿನ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪಿತು. ಕಡಿಯಲೇಬೇಕಾದರೆ ಓರೆಯಾಗಿ, ಮೆಟ್ಟಿಲು ಬಿಟ್ಟು ಕಡಿಯಿರಿ, ಮೇಲಿನ ನೀರನ್ನು ಚರಂಡಿಯಲ್ಲಿ ಪಕ್ಕಕ್ಕೆ ಸಾಗಿಸಿ. ಮಳೆಗಾಲದಲ್ಲಷ್ಟೇ ಹರಿಯುವ ಸಣ್ಣ ತೋಡನ್ನು ಮುಚ್ಚಿ ಗಿಡ ನೆಡಬೇಡಿ, ನೀರು ತನ್ನ ದಾರಿ ಮರೆಯುವುದಿಲ್ಲ. ಬಯಲಿನಲ್ಲಿ ಒಳ್ಳೆಯದಾದ ಇಂಗುಗುಂಡಿಯನ್ನು ದಪ್ಪ ಮಣ್ಣಿನ ಕಡಿದಾದ ಇಳಿಜಾರಿನಲ್ಲಿ ತೋಡುವುದು ನಮ್ಮ ಅಭಿಪ್ರಾಯದಲ್ಲಿ ತಕ್ಕದ್ದಲ್ಲ, ಅಲ್ಲಿ ನೀರು ಇಂಗುವುದಕ್ಕಿಂತ ಬಸಿದುಹೋಗುವುದು ಲೇಸು. ಆಳಬೇರಿನ ನೆರಳುಮರ ಕಡಿದ ವರ್ಷವೇ ಏನೂ ಆಗದಿರಬಹುದು. ಬುಡದ ಬೇರು ಮಣ್ಣಿನೊಳಗೆ ಕೊಳೆಯಲು ಕೆಲವು ವರ್ಷ ಬೇಕು, ಹಿಡಿತ ತಪ್ಪುವುದು ಆಮೇಲೆ.

ಮಳೆ ಹಿಡಿದ ದಿನಗಳಲ್ಲಿ ತೋಟದ ಮೇಲುಗಡೆಯನ್ನೊಮ್ಮೆ ನೋಡಿಬನ್ನಿ. ನೆಲದಲ್ಲಿ ಅಡ್ಡಕ್ಕೆ ಹೊಸ ಬಿರುಕು, ನೆಟ್ಟಗಿದ್ದ ಮರ ಬೇಲಿಕಂಬಗಳು ವಾಲುವುದು, ಬಾಗಿಲು ಚೌಕಟ್ಟಿನಲ್ಲಿ ಬಿಗಿಯುವುದು, ಎಂದೂ ಇಲ್ಲದಲ್ಲಿ ಒರತೆ ಏಳುವುದು, ತಿಳಿಯಾಗಿದ್ದ ಒರತೆ ಕೆಂಪಾಗುವುದು, ಜೋರುಮಳೆಯಲ್ಲಿಯೂ ಹಳ್ಳದ ನೀರು ಥಟ್ಟನೆ ಇಳಿಯುವುದು, ಇವುಗಳಲ್ಲಿ ಒಂದನ್ನು ಕಂಡರೂ ಬೆಳಗಾಗಲೆಂದು ಕಾಯದೆ, ದನಗಳ ಹಗ್ಗ ಬಿಚ್ಚಿ, ಹಳ್ಳದ ಜಾಡಿನಿಂದ ಪಕ್ಕಕ್ಕೆ ಸರಿದ ಮನೆಗೆ ಮಕ್ಕಳು ಮುದುಕರೊಡನೆ ಹೊರಡಬೇಕು. ಕೆಳಗಿನ ಮನೆಯವರನ್ನು ಕೂಗಿ ಎಬ್ಬಿಸಿ, ಪಂಚಾಯತಿಗೂ ತಹಶೀಲ್ದಾರರಿಗೂ ಆಗಲೇ ಸುದ್ದಿ ಮುಟ್ಟಿಸಬೇಕು.